ಅಚ್ಚುಕಟ್ಟಿನಲ್ಲಿ ಮನೆ



ಮಾರತ್ತಹಳ್ಳಿಯಲ್ಲಿ ಮನೆ ಕೊಳ್ಳಬೇಕೆಂದು ಹೊರಟರೆ, ಮಾರುವವರು ಮೊದಲು ಹೇಳುವುದು ಆ ಮನೆ ಯಾವ ಯಾವುದಕ್ಕೆ ಹತ್ತಿರ ಎಂಬುದನ್ನು. ಹೊರವರ್ತುಲ ರಸ್ತೆ ಹತ್ತಿರ, ಟೆಕ್ ಪಾರ್ಕ್ ಹತ್ತಿರ, ದೊಡ್ಡ ಶಾಲೆ ಹತ್ತಿರ, ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರಕ್ಕೆ ಬರಲಿರುವ ಮೆಟ್ರೋದ ನೀಲಿ ಮಾರ್ಗ ಹತ್ತಿರ. ಈ ಶತಮಾನದ ಮೊದಲ ವರ್ಷಗಳಲ್ಲಿ ಇದೇ ಊರಿನಲ್ಲಿ ಮನೆ ಮಾರುವವರು ವಿಮಾನ ನಿಲ್ದಾಣ ಹತ್ತಿರ ಎನ್ನುತ್ತಿದ್ದರು. ಅದು ನಿಜವೂ ಆಗಿತ್ತು. ಎಚ್‌ಎಎಲ್ ರನ್‌ವೇಯ ಪೂರ್ವದ ತುದಿಗೆ ಮಾರತ್ತಹಳ್ಳಿ ಅಂಟಿಕೊಂಡೇ ಇದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆಯಿತು; ಪ್ರಯಾಣಿಕರ ವಿಮಾನಗಳೆಲ್ಲ ಅತ್ತ ಹೋದವು. ವಿಮಾನ ಹಿಡಿಯಲು ಹತ್ತು ನಿಮಿಷ ಸಾಕು ಎಂದು ಮನೆ ಮಾಡಿದವರು ಆಮೇಲೆ ಮೂವತ್ತೈದು ಕಿಲೋಮೀಟರಿಗೂ ಹೆಚ್ಚು ಹೋಗಬೇಕಾಯಿತು. 2020ರಲ್ಲಿ ಕೋವಿಡ್ ಬಂತು, ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳು ಖಾಲಿಯಾದವು. ಆಫೀಸಿಗೆ ಹತ್ತಿರ ಎಂದು ಲಕ್ಷಗಟ್ಟಲೆ ಹೆಚ್ಚು ಕೊಟ್ಟವರೂ, ಊರಿಗೆ ಮರಳಿ ಹಳ್ಳಿಯ ಪಡಸಾಲೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡವರೂ ಒಂದೇ ಕೆಲಸವನ್ನು ಒಂದೇ ರೀತಿ ಮಾಡಿದರು.

ಇಪ್ಪತ್ತು ವರ್ಷ ಸಾಲ ತೀರಿಸಬೇಕಾದ ಮನೆಗೆ ಐದು ವರ್ಷದಲ್ಲಿ ಬದಲಾಗಬಹುದಾದ ಕಾರಣ ಸಾಕೇ? ನಮ್ಮ ಮನೆಯಲ್ಲಿ ಚರ್ಚೆ ಶುರುವಾದದ್ದು ಇಲ್ಲಿಂದ. ನಾವು ಐದು ಜನ: ನಾನು, ನನ್ನ ಹೆಂಡತಿ, ಮಗ, ಸೊಸೆ, ಎಂಟನೇ ತರಗತಿಯ ಮೊಮ್ಮಗಳು. ಇರುವುದು ಮುನ್ನೇಕೊಳಾಲದ ಕಡೆ, ಬಾಡಿಗೆಗೆ. ಮಗ ಮನೆ ನೋಡಲು ಹೊರಟಾಗ ಅವನ ಬಳಿ ಒಂದು ಪಟ್ಟಿ ಇತ್ತು. ಮೂರು ಮಲಗುವ ಕೋಣೆ, ಎರಡು ಕಾರಿಗೆ ಜಾಗ, ಈಜುಕೊಳ, ಜಿಮ್, ಆಫೀಸಿಗೆ ಇಪ್ಪತ್ತು ನಿಮಿಷ. ಅವನ ವಯಸ್ಸಿನವರೆಲ್ಲರ ಪಟ್ಟಿಯೂ ಹೀಗೆಯೇ ಇರುತ್ತದೆ, ಅದರಲ್ಲಿ ಅತಿಯಾಸೆಯೇನೂ ಇಲ್ಲ. ಆದರೆ ಅದರಲ್ಲಿದ್ದುದೆಲ್ಲ ಗೋಡೆಯ ಒಳಗಿನದು, ಕಾಂಪೌಂಡಿನ ಒಳಗಿನದು. ಕಾಂಪೌಂಡು ಯಾವ ನೆಲದ ಮೇಲೆ ನಿಂತಿದೆ ಎಂಬ ಮಾತು ಅದರಲ್ಲಿರಲಿಲ್ಲ.

ನಾನು ಭೂಮಾಪನ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಸರಪಳಿ ಎಳೆದು, ಗಡಿಕಲ್ಲು ಹುಡುಕಿ, ಟಿಪ್ಪಣಿ ನೋಡಿ ಹೊಲದ ಅಳತೆ ತೆಗೆದವನಿಗೆ ಊರು ಕಾಣುವ ಬಗೆಯೇ ಬೇರೆ. ಹಾಗಾಗಿ ಮೊದಲು ನೆಲದ ಮಾತು ಹೇಳುತ್ತೇನೆ. ಅದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ.

ಬೆಂಗಳೂರಿಗೆ ದೊಡ್ಡ ನದಿಯಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕೂತ ಊರು ಇದು. ಇಲ್ಲಿ ಬಿದ್ದ ಮಳೆ ಪಶ್ಚಿಮಕ್ಕೆ ವೃಷಭಾವತಿ ಕಣಿವೆಯಲ್ಲಿಳಿದು ಅರ್ಕಾವತಿ ಸೇರುತ್ತದೆ. ಪೂರ್ವಕ್ಕೆ ಹೆಬ್ಬಾಳದ ಕಣಿವೆ ಮತ್ತು ಕೋರಮಂಗಲ–ಚಲ್ಲಘಟ್ಟ ಕಣಿವೆಗಳಲ್ಲಿ ಇಳಿದು ದಕ್ಷಿಣ ಪಿನಾಕಿನಿ ಸೇರುತ್ತದೆ. ಈ ಇಳಿಜಾರಿನ ಉದ್ದಕ್ಕೂ ನಮ್ಮ ಹಿಂದಿನವರು ಕೆರೆ ಕಟ್ಟಿದರು. ಮೆಟ್ಟಿಲ ಮೇಲೆ ಒಂದರ ಕೆಳಗೊಂದು ಇಟ್ಟ ಬೋಗುಣಿಗಳ ಹಾಗೆ, ಮೇಲಿನದು ತುಂಬಿ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ಇದು ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಬೆಳ್ಳಂದೂರಿನ ಮೇಲಿನ ಅಗರದಲ್ಲಿ ಸಿಕ್ಕ ಗಂಗರ ಕಾಲದ ಒಂಬತ್ತನೇ ಶತಮಾನದ ಶಾಸನ ಕೆರೆಗಳಿಗೆ ತೂಬು ಇಡಿಸಿದ್ದನ್ನು ಹೇಳುತ್ತದೆ. ಆ ಸರಪಳಿಯ ಕೊನೆಯ ಕಡೆಗೆ ನಗರದ ಅತಿ ದೊಡ್ಡ ಕೆರೆ ಬೆಳ್ಳಂದೂರು ಬರುತ್ತದೆ, ಸುಮಾರು 900 ಎಕರೆ. ಅದರ ಕೋಡಿ ಯಮಲೂರಿನ ಬಳಿ ಇಳಿಯುತ್ತದೆ, ಮುಂದೆ ವರ್ತೂರು ಕೆರೆ, ಅಲ್ಲಿಂದ ಪಿನಾಕಿನಿ. ದೊಡ್ಡನೆಕ್ಕುಂದಿ, ಚಿನ್ನಪ್ಪನಹಳ್ಳಿ, ಕುಂದಲಹಳ್ಳಿ, ಮುನ್ನೇಕೊಳಾಲ, ಹೀಗೆ ಮಾರತ್ತಹಳ್ಳಿಯ ಸುತ್ತಲ ಪ್ರತಿ ಊರಿಗೂ ಒಂದೊಂದು ಕೆರೆ.

ಆ ಹಳ್ಳಿಗಳನ್ನು ಕಟ್ಟಿದ ಜನ ಮನೆ ಎಲ್ಲಿ ಕಟ್ಟಿಕೊಂಡರು ಎಂಬುದನ್ನು ಗಮನಿಸಬೇಕು. ಊರು ಇದ್ದುದು ದಿಣ್ಣೆಯ ಮೇಲೆ. ಅದನ್ನು ಗ್ರಾಮಠಾಣಾ ಎನ್ನುತ್ತೇವೆ. ಈಗಲೂ ಮಾರತ್ತಹಳ್ಳಿಯ ಹಳೆಯ ಊರಿನೊಳಗೆ, ದೇವಸ್ಥಾನದ ಸುತ್ತಲಿನ ಇಕ್ಕಟ್ಟಾದ ಬೀದಿಗಳಲ್ಲಿ ನಡೆದರೆ ಕಾಲಿಗೆ ಏರು ತಿಳಿಯುತ್ತದೆ. ಊರಿನ ಕೆಳಗೆ ಕೆರೆ. ಕೆರೆಯ ಏರಿಯ ಕೆಳಗೆ ತೂಬಿನ ನೀರು ಹರಿಯುವಷ್ಟು ದೂರವೂ ಅಚ್ಚುಕಟ್ಟು, ಅಂದರೆ ಗದ್ದೆ ಬಯಲು. ಯಾವ ಗದ್ದೆಗೆ ಯಾವಾಗ ನೀರು ಎಂದು ನೋಡಿಕೊಳ್ಳಲು ಒಬ್ಬ ನೀರುಗಂಟಿ. ಗದ್ದೆಯ ನಡುವೆ ಮನೆ ಕಟ್ಟುವ ಯೋಚನೆ ಆ ಕಾಲದ ಒಬ್ಬನಿಗೂ ಬರುತ್ತಿರಲಿಲ್ಲ. ಅದು ನೀರು ನಿಲ್ಲಲಿ ಎಂದೇ ಸಮ ಮಾಡಿದ ನೆಲ.

ನಾವು ಮಾಡಿದ್ದೇನು? ಹೊರವರ್ತುಲ ರಸ್ತೆ ಬಂದ ಮೇಲೆ ಸಗಟಾಗಿ, ದೊಡ್ಡ ತುಂಡುಗಳಾಗಿ ಸಿಕ್ಕ ಜಮೀನು ಇದೇ ಅಚ್ಚುಕಟ್ಟಿನದು. ದಿಣ್ಣೆಯ ಮೇಲಿನ ಹಳೆಯ ಊರಿನಲ್ಲಿ ಸಣ್ಣ ಸಣ್ಣ ಮನೆಗಳು, ನೂರು ವಾರಸುದಾರರು. ಅಲ್ಲಿ ಗೋಪುರ ಎಬ್ಬಿಸಲು ಜಾಗವಿಲ್ಲ. ಗದ್ದೆಯಾದರೆ ಎಕರೆಗಟ್ಟಲೆ ಒಬ್ಬಿಬ್ಬರ ಹೆಸರಲ್ಲಿ. ಹೀಗೆ ಅತ್ಯಂತ ದುಬಾರಿಯಾದ ಮನೆಗಳಲ್ಲಿ ಎಷ್ಟೋ ಮನೆಗಳು ಅತ್ಯಂತ ತಗ್ಗಿನ ನೆಲದ ಮೇಲೆ ಎದ್ದವು. 2022ರ ಸೆಪ್ಟೆಂಬರ್ 4ರ ರಾತ್ರಿ ಸುರಿದ ಮಳೆಗೆ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳು ಮುಳುಗಿದ್ದು ನಿಮಗೆಲ್ಲ ನೆನಪಿದೆ. ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನರನ್ನು ದೋಣಿಯಲ್ಲಿ ಕರೆತಂದರು. ಆಫೀಸಿಗೆ ಹೋಗುವವರು ಟ್ರ್ಯಾಕ್ಟರ್ ಏರಿ ಹೋದರು. ಅದೇ ಮಳೆಗೆ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ ಕಾವೇರಿ ನೀರೆತ್ತುವ ಪಂಪ್ ಮನೆಯೂ ಮುಳುಗಿತು. ಬೀದಿಯಲ್ಲಿ ಎದೆಮಟ್ಟ ನೀರು, ಕೊಳಾಯಿಯಲ್ಲಿ ಹನಿ ನೀರಿಲ್ಲ. ಆ ದಿನಗಳನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ, ಏಕೆಂದರೆ ಅಲ್ಲಿ ನೀರು ಅಚ್ಚರಿಯ ದಾರಿಯನ್ನೇನೂ ಹಿಡಿದಿರಲಿಲ್ಲ. ನಮ್ಮ ಗ್ರಾಮ ನಕ್ಷೆಗಳಲ್ಲಿ ಬರೆದಿರುವ ದಾರಿಯಲ್ಲೇ ಬಂದಿತ್ತು.

ಆಮೇಲೆ ಮಹದೇವಪುರ ವಲಯದಲ್ಲಿ, ಕೆರೆಯಿಂದ ಕೆರೆಗೆ ನೀರು ಒಯ್ಯುವ ರಾಜಕಾಲುವೆಯ ಮೇಲಿನ ಕಟ್ಟಡಗಳನ್ನು ಒಡೆಯಲು ಪಾಲಿಕೆ ಬುಲ್ಡೋಜರ್ ತಂದಿತು. ನೋಂದಣಿಯಾದ ಕ್ರಯಪತ್ರ, ಬ್ಯಾಂಕಿನ ಸಾಲ, ಕಟ್ಟಿದ ತೆರಿಗೆಯ ರಸೀದಿ ಹಿಡಿದು ಜನ ಬಾಗಿಲಲ್ಲಿ ನಿಂತಿದ್ದರು. ಕಾಗದವೆಲ್ಲ ಸರಿ, ನೆಲ ಮಾತ್ರ ಕಾಲುವೆಯದು. ಇಂಥ ದುಃಖ ಯಾವ ಕುಟುಂಬಕ್ಕೂ ಬರಬಾರದು. ಬರದಂತೆ ನೋಡಿಕೊಳ್ಳುವ ದಾರಿ ಇದೆ, ಅದಕ್ಕಾಗಿಯೇ ಈ ಮಾತು.

ಹಳೆಯ ಪಹಣಿಯಲ್ಲಿ ಪ್ರತಿ ಜಮೀನಿನ ಜಾತಿ ಬರೆದಿರುತ್ತದೆ. ಖುಷ್ಕಿ ಎಂದರೆ ಮಳೆಯ ಹೊಲ, ತರಿ ಎಂದರೆ ಕೆರೆ ನೀರಿನ ಗದ್ದೆ, ಬಾಗಾಯ್ತು ಎಂದರೆ ತೋಟ. ಬೇಸಾಯಕ್ಕೆ ಬಾರದ ನೆಲ ಖರಾಬು; ಅದರಲ್ಲೂ ದಾರಿ, ಹಳ್ಳ, ರಾಜಕಾಲುವೆಯಂಥ ಸಾರ್ವಜನಿಕ ನೆಲ ಬಿ ಖರಾಬು. ಅದನ್ನು ಖಾಸಗಿಯವರು ಯಾರಿಗೂ ಮಾರುವಂತಿಲ್ಲ. ನೀವು ನೋಡಿದ ಅಪಾರ್ಟ್‌ಮೆಂಟಿನ ಕ್ರಯಪತ್ರದಲ್ಲಿ ಸರ್ವೆ ನಂಬರ್ ಇದ್ದೇ ಇರುತ್ತದೆ. ಮಾರತ್ತಹಳ್ಳಿಯಾದರೆ ಬೆಂಗಳೂರು ಪೂರ್ವ ತಾಲ್ಲೂಕು, ವರ್ತೂರು ಹೋಬಳಿ. ಆ ನಂಬರಿನ ಹಳೆಯ ಪಹಣಿ, ವಿಸ್ತೀರ್ಣ ಹೇಳುವ ಆಕಾರಬಂದ್, ಗ್ರಾಮ ನಕ್ಷೆ ಕೇಳಿ ಪಡೆಯಿರಿ. ತರಿ ಎಂದಿದ್ದರೆ ನಿಂತು ಯೋಚಿಸಿ. ಸರ್ಕಾರದ ದಿಶಾಂಕ್ ಎಂಬ ಮೊಬೈಲ್ ಆಪ್ ಇದೆ. ನೀವು ನಿಂತ ಜಾಗದ ಸರ್ವೆ ನಂಬರನ್ನೂ, ಹಳೆಯ ನಕ್ಷೆಯಲ್ಲಿ ಅಲ್ಲಿ ಕೆರೆ, ಕಾಲುವೆ ಏನಿತ್ತು ಎಂಬುದನ್ನೂ ತೋರಿಸುತ್ತದೆ. ನಾವು ಕಂದು ಬಣ್ಣಕ್ಕೆ ತಿರುಗಿದ ನಕ್ಷೆಯನ್ನು ಮೇಜಿನ ಮೇಲೆ ಹರಡಿ ನೋಡುತ್ತಿದ್ದುದನ್ನು ಈಗ ನನ್ನ ಮೊಮ್ಮಗಳು ಸೈಟಿನಲ್ಲಿ ನಿಂತೇ ನೋಡುತ್ತಾಳೆ. ಇದು ನನಗೆ ನಿಜವಾಗಿಯೂ ಸಂತೋಷದ ವಿಷಯ.

ಕೆರೆಯಿಂದ ಎಷ್ಟು ದೂರ ಬಿಡಬೇಕು ಎಂಬುದರ ಬಗ್ಗೆ ಕಾನೂನಿನ ಜಗ್ಗಾಟ ನಡೆದಿದೆ. ನಗರದ ಮಹಾಯೋಜನೆ 30 ಮೀಟರ್ ಎಂದಿತ್ತು. 2016ರಲ್ಲಿ ಹಸಿರು ನ್ಯಾಯಮಂಡಳಿ ಅದನ್ನು 75 ಮೀಟರಿಗೆ ಏರಿಸಿತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಏರಿಕೆಯನ್ನು ರದ್ದು ಮಾಡಿತು. ವಕೀಲರಿಗೆ ಈ ಮೀಟರುಗಳು ಮುಖ್ಯ. ಮನೆ ಕೊಳ್ಳುವವರಿಗೆ ಮೀಟರಿನ ದೂರಕ್ಕಿಂತ ಎತ್ತರ ಮುಖ್ಯ ಎಂದು ನಾನು ಹೇಳುತ್ತೇನೆ. ಏರಿಯ ಕೆಳಗೆ 200 ಮೀಟರ್ ದೂರದ ಮನೆಗಿಂತ, ಮೇಲ್ಗಡೆ ದಿಣ್ಣೆಯ ಮೇಲೆ 100 ಮೀಟರ್ ದೂರದ ಮನೆ ಎಷ್ಟೋ ವಾಸಿ.

ಇಷ್ಟು ಹೇಳಿದ ಮೇಲೆ ಮಗನ ಪಟ್ಟಿಯ ತಲೆಯಲ್ಲಿ ನೆಲದ ಎತ್ತರ ಎಂಬ ಹೊಸ ಸಾಲು ಬಂತು. ಆದರೆ ಬರುವ ನೀರಿನ ಪ್ರಶ್ನೆ ಎತ್ತಿದವಳು ಸೊಸೆ. ಮಳೆ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಿರಿ, ಕುಡಿಯುವ ನೀರು ಎಲ್ಲಿಂದ ಬರುತ್ತದೆ ಎಂದೂ ಕೇಳೋಣ ಎಂದಳು. 2023ರ ಮಳೆ ಕೈಕೊಟ್ಟು 2024ರ ಮಾರ್ಚಿನಲ್ಲಿ ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಬತ್ತಿವೆ ಎಂದು ಸರ್ಕಾರವೇ ಹೇಳಿತು. ಟ್ಯಾಂಕರಿನ ದರ ಕೈಮೀರಿತು, ಕೊನೆಗೆ ಜಿಲ್ಲಾಡಳಿತ ಐದು ಕಿಲೋಮೀಟರಿನೊಳಗೆ 12 ಸಾವಿರ ಲೀಟರಿನ ಟ್ಯಾಂಕರಿಗೆ 1,000 ರೂಪಾಯಿ ಎಂದು ದರ ಕಟ್ಟಿತು. ಆ ಬೇಸಿಗೆಯಲ್ಲಿ ಈಜುಕೊಳವಿದ್ದ ದೊಡ್ಡ ದೊಡ್ಡ ಸಮುಚ್ಚಯಗಳಲ್ಲಿ ಪಾತ್ರೆ ತೊಳೆಯುವುದಕ್ಕೆ ಹೊತ್ತು ಗೊತ್ತುಮಾಡಿದ್ದರು. 2007ರಲ್ಲಿ ಬಿಬಿಎಂಪಿಗೆ ಸೇರಿದ 110 ಹಳ್ಳಿಗಳಿಗೆ ನೀರು ಕೊಡಲೆಂದು ಕಾವೇರಿ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು, ದಿನಕ್ಕೆ 775 ದಶಲಕ್ಷ ಲೀಟರ್. ಬೆಳ್ಳಂದೂರು, ವರ್ತೂರಿನ ಕಡೆಯ ಜನ ಹದಿನೇಳು ವರ್ಷ ಕಾದ ನೀರು ಅದು. ಆದರೆ ಕೊಳವೆ ಬೀದಿಗೆ ಬಂದ ಮಾತ್ರಕ್ಕೆ ಕಟ್ಟಡದೊಳಕ್ಕೆ ಬಂದಂತಲ್ಲ. ಸಂಪರ್ಕಕ್ಕೆ ಹಣ ಕಟ್ಟಿದ್ದಾರೆಯೇ, ಮೀಟರ್ ಇದೆಯೇ, ಕಳೆದ ಏಪ್ರಿಲ್ ತಿಂಗಳಲ್ಲಿ ಎಷ್ಟು ಟ್ಯಾಂಕರ್ ತರಿಸಿದರು, ಅದರ ಬಿಲ್ಲು ಎಷ್ಟು? ಸಂಘದ ಲೆಕ್ಕದ ಪುಸ್ತಕ ನೋಡಬೇಕು ಎಂದು ಸೊಸೆ ಪಟ್ಟು ಹಿಡಿದಳು. ಅವಳು ನೋಡಿದ ಕಡೆಯಲ್ಲೆಲ್ಲ ಇದನ್ನೇ ಕೇಳಿದಳು. ಸಲೀಸಾಗಿ ಪುಸ್ತಕ ತೆಗೆದು ತೋರಿಸಿದ ಸಂಘಗಳು ಕೆಲವು, ಮಾತು ಮರೆಸಿದವು ಕೆಲವು. ಮನೆಯ ಗುಣ ಅಲ್ಲೇ ಅರ್ಧ ತಿಳಿಯಿತು.

ಇದರ ಜೊತೆಗೆ ಅವಳು ಕೇಳುತ್ತಿದ್ದ ಇನ್ನೆರಡು ವಿಷಯ: ಮಳೆ ನೀರು ಇಂಗಿಸುವ ಬಾವಿ ನಿಜವಾಗಿ ಇದೆಯೇ, ಕೊಳಚೆ ನೀರು ಶುದ್ಧೀಕರಿಸುವ ಘಟಕ ಓಡುತ್ತಿದೆಯೇ. ಮಳೆಕೊಯ್ಲು 2009ರಿಂದ ಬೆಂಗಳೂರಿನಲ್ಲಿ ಕಾನೂನು. ಕಾನೂನಿಗಾಗಿ ಒಂದು ಕೊಳವೆ ಇಳಿಬಿಟ್ಟ ಕಟ್ಟಡಗಳೂ ಇವೆ, ಅದರಿಂದಲೇ ಮೂರು ತಿಂಗಳು ನೀಗಿಸುವ ಕಟ್ಟಡಗಳೂ ಇವೆ. ಬೆಳ್ಳಂದೂರು ಕೆರೆಗೆ 2015ರಲ್ಲೂ 2017ರಲ್ಲೂ 2018ರಲ್ಲೂ ಬೆಂಕಿ ಬಿದ್ದದ್ದು, ವರ್ತೂರಿನ ಕೋಡಿಯಿಂದ ನೊರೆ ಎದ್ದು ರಸ್ತೆಗೆ ಹಾರಿದ್ದು ನಮ್ಮೆಲ್ಲರ ಬಚ್ಚಲ ನೀರಿನಿಂದಲೇ. ಅದೇ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರನ್ನು ಶುದ್ಧೀಕರಿಸಿ 2018ರಿಂದ ಕೋಲಾರದ ಬತ್ತಿದ ಕೆರೆಗಳಿಗೆ ಹರಿಸುತ್ತಿದ್ದಾರೆ, ಅಲ್ಲಿ ಕೆರೆಗಳು ತುಂಬಿವೆ. ಆ ನೀರಿನ ಗುಣದ ಬಗ್ಗೆ ಕೋಲಾರದವರ ಆತಂಕವೂ ನ್ಯಾಯವಾದದ್ದೇ. ನಮ್ಮ ಮನೆಯಿಂದ ಹೊರಟದ್ದು ಇನ್ನೊಬ್ಬರ ಹೊಲಕ್ಕೆ ಹೋಗುತ್ತದೆ ಎಂದಾದರೆ ಅದು ಹೇಗೆ ಹೋಗುತ್ತದೆ ಎಂದು ನೋಡುವುದೂ ಮನೆ ನೋಡುವುದರಲ್ಲೇ ಸೇರಿದೆ.

ಹಣದ ಲೆಕ್ಕ ಬೇಗ ಹೇಳಿ ಮುಗಿಸುತ್ತೇನೆ. 80 ಲಕ್ಷ ಸಾಲ, ನೂರಕ್ಕೆ ಎಂಟೂವರೆ ಬಡ್ಡಿ, ಇಪ್ಪತ್ತು ವರ್ಷ ಎಂದರೆ ತಿಂಗಳ ಕಂತು 69 ಸಾವಿರ ದಾಟುತ್ತದೆ. ಬಡ್ಡಿಯೇ 86 ಲಕ್ಷಕ್ಕೂ ಹೆಚ್ಚು. ಅದೇ ಸಾಲವನ್ನು ಹದಿನೈದು ವರ್ಷಕ್ಕೆ ತೀರಿಸಿದರೆ ಕಂತು ಸುಮಾರು 79 ಸಾವಿರ, ಬಡ್ಡಿ 62 ಲಕ್ಷದೊಳಗೆ. ಮೂರನೇ ಮಲಗುವ ಕೋಣೆಗಾಗಿ ಸಾಲದ ವರ್ಷ ಬೆಳೆಸಿದರೆ ಅದರ ಬೆಲೆ ಎಷ್ಟೆಂಬುದು ಈ ಲೆಕ್ಕದಲ್ಲಿ ಕಾಣುತ್ತದೆ. ವರ್ಷಕ್ಕೆ ನಾಲ್ಕು ಸಲ ಬರುವ ನೆಂಟರಿಗಾಗಿ ಒಂದು ಕೋಣೆಗೆ ಅಷ್ಟು ವರ್ಷ ದುಡಿಯಬೇಕೇ ಎಂದು ಕೇಳಿದವಳು ನನ್ನ ಹೆಂಡತಿ. ನೆಂಟರೆಂದರೆ ಹೆಚ್ಚಾಗಿ ಅವಳ ಕಡೆಯವರೇ, ಹಾಗಾಗಿ ಆ ಮಾತಿಗೆ ತೂಕವಿತ್ತು. ಇನ್ನು ಚದರಡಿ. ಮಾರುವವರು ಹೇಳುವ ಸೂಪರ್ ಬಿಲ್ಟ್ ಅಪ್‌ನಲ್ಲಿ ಮೆಟ್ಟಿಲು, ಲಿಫ್ಟು, ಜಿಮ್ಮಿನ ಪಾಲೂ ಸೇರಿರುತ್ತದೆ. 2016ರ ರೇರಾ ಕಾಯ್ದೆ ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ನಿಜವಾಗಿ ಬಳಸುವ ನೆಲವನ್ನೇ ಹೇಳಬೇಕೆನ್ನುತ್ತದೆ. ಕರಾರು ನೋಂದಣಿಯಾಗುವ ಮುನ್ನ ಬೆಲೆಯ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಕಟ್ಟಡದ ರಚನೆಯ ದೋಷಕ್ಕೆ ಐದು ವರ್ಷ ಕಟ್ಟಿದವರೇ ಹೊಣೆ. ಈ ಮೂರು ಮಾತು ಗೊತ್ತಿದ್ದರೆ ಮಾರಾಟದ ಕಚೇರಿಯಲ್ಲಿ ಕುರ್ಚಿ ಎಳೆದು ಧೈರ್ಯವಾಗಿ ಕೂರಬಹುದು.

ನನ್ನ ತಲೆಮಾರಿಗೆ ಸ್ವಂತ ಮನೆ ಎಂದರೆ ನಿವೇಶನ. ಮೂವತ್ತು ನಲವತ್ತರ ಸೈಟು, ಮುಂದೆ ಒಂದು ಮಲ್ಲಿಗೆ ಬಳ್ಳಿ, ಹಿತ್ತಿಲಲ್ಲಿ ಕರಿಬೇವು, ಮೇಲೆ ಸ್ವಂತ ಆಕಾಶ. ಆ ಆಸೆ ನನಗೆ ಈಗಲೂ ಇದೆ. ಆದರೆ ಇವತ್ತು ಈ ಸುತ್ತಿನಲ್ಲಿ ನಮ್ಮ ಕೈಗೆಟಕುವ ಬೆಲೆಗೆ ಬರುವುದು ಹೆಚ್ಚಾಗಿ ರೆವಿನ್ಯೂ ಸೈಟು. ಭೂಪರಿವರ್ತನೆ ಆಗಿಲ್ಲ, ಬಡಾವಣೆಯ ನಕ್ಷೆಗೆ ಮಂಜೂರಾತಿ ಇಲ್ಲ, ಬಿ ಖಾತೆ. 2024ರ ಅಕ್ಟೋಬರಿನಿಂದ ಇ-ಖಾತಾ ಇಲ್ಲದೆ ನಗರದಲ್ಲಿ ನೋಂದಣಿಯೇ ಇಲ್ಲ. ಮಲ್ಲಿಗೆ ಬಳ್ಳಿಯನ್ನು ಕುಂಡದಲ್ಲೂ ಬೆಳೆಸಬಹುದು ಎಂದು ಮಗ ಸಮಾಧಾನ ಹೇಳಿದ.

ಇನ್ನು ನನ್ನ ಹೆಂಡತಿಯ ಮಾತಿಗೆ ಬರುತ್ತೇನೆ. ಇದನ್ನು ಹೇಳಲು ನನಗೆ ಬಹಳ ಆಸೆ. ಅವಳು ಮನೆ ನೋಡುವ ಕ್ರಮ ನಮ್ಮೆಲ್ಲರಿಗಿಂತ ಬೇರೆ. ಮನೆಯೊಳಗೆ ಎರಡು ನಿಮಿಷ ಇದ್ದು ಹೊರಗೆ ಬರುತ್ತಾಳೆ. ಗೇಟಿನ ಆಚೆ ನಿಂತು ಎಡಕ್ಕೂ ಬಲಕ್ಕೂ ನೋಡುತ್ತಾಳೆ. ಫುಟ್‌ಪಾತ್ ಇದೆಯೇ? ತರಕಾರಿ ಗಾಡಿ ಬರುತ್ತದೆಯೇ? ಬಸ್ ನಿಲ್ದಾಣಕ್ಕೆ ರಸ್ತೆ ದಾಟದೆ ಹೋಗಬಹುದೇ? ಮೆಜೆಸ್ಟಿಕ್ಕಿನಿಂದ ಕಾಡುಗೋಡಿಗೆ ಹೋಗುವ 335-ಇ ಬಸ್ಸೇ ಅವಳ ಪಾಲಿಗೆ ಬೆಂಗಳೂರು. 2023ರ ಜೂನಿನಲ್ಲಿ ಹೆಂಗಸರಿಗೆ ಬಸ್ ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಆಧಾರ್ ಕಾರ್ಡ್ ಪರ್ಸಿನಲ್ಲಿಟ್ಟುಕೊಂಡು ಅವಳೊಬ್ಬಳೇ ತಂಗಿಯ ಮನೆಗೆ, ಮಾರುಕಟ್ಟೆಗೆ ಹೋಗಿಬರುತ್ತಾಳೆ. ಮಗ ಇಷ್ಟಪಟ್ಟ ಒಂದು ಸಮುಚ್ಚಯ ಮುಖ್ಯರಸ್ತೆಯಿಂದ ಒಂದೂವರೆ ಕಿಲೋಮೀಟರ್ ಒಳಗೆ. ದಾರಿಯಲ್ಲಿ ಫುಟ್‌ಪಾತ್ ಇಲ್ಲ, ನೀರಿನ ಟ್ಯಾಂಕರುಗಳ ಓಡಾಟ. ಅಲ್ಲಿಗೆ ಹೋದರೆ ನಾನು ಹೊರಗೆ ಕಾಲಿಡಲು ನಿನ್ನ ಕಾರಿಗೆ ಕಾಯಬೇಕು ಎಂದಳು. ಅರವತ್ತೇಳು ವರ್ಷದ ಹೆಂಗಸಿನ ಓಡಾಟದ ಸ್ವಾತಂತ್ರ್ಯ ಮನೆಯ ಬೆಲೆಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಬರಬೇಕು. ಕ್ಲಬ್‌ಹೌಸಿಗಿಂತ ಮೊದಲು ಬರಬೇಕು.

ಮೊಮ್ಮಗಳ ವಿಷಯದಲ್ಲೂ ಇದೇ. ಹೊರವರ್ತುಲ ರಸ್ತೆಯಲ್ಲಿ ಶಾಲೆಯ ವ್ಯಾನಿನೊಳಗೆ ಬೆಳಿಗ್ಗೆ ಒಂದು ತಾಸು, ಸಂಜೆ ಅದಕ್ಕಿಂತ ಹೆಚ್ಚು ಕೂರುವ ಮಕ್ಕಳನ್ನು ನೋಡುತ್ತೇವೆ. ಮಾರತ್ತಹಳ್ಳಿ ಸೇತುವೆಯ ಕೆಳಗೆ ನಿಂತ ವ್ಯಾನಿನ ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದ ಮಕ್ಕಳು. ಅವಳಿಗೆ ಈಗಿನ ಶಾಲೆ ನಡೆದು ಹೋಗುವಷ್ಟು ದೂರದಲ್ಲಿದೆ. ದಾರಿಯಲ್ಲಿ ಗೆಳತಿಯರು ಸೇರುತ್ತಾರೆ, ಬೇಕರಿಯವನು ಹೆಸರು ಹಿಡಿದು ಕರೆಯುತ್ತಾನೆ, ಎಚ್‌ಎಎಲ್‌ನಿಂದ ತೇಜಸ್ ಎದ್ದರೆ ಎಲ್ಲರೂ ನಿಂತು ಆಕಾಶ ನೋಡುತ್ತಾರೆ. ಆ ಇಪ್ಪತ್ತು ನಿಮಿಷದ ನಡಿಗೆಯಲ್ಲಿ ಅವಳು ಈ ಊರಿನವಳಾಗುತ್ತಿದ್ದಾಳೆ. ಅದನ್ನು ಬಿಡಿಸಿ ವ್ಯಾನು ಹತ್ತಿಸಲು ನನಗೆ ಮನಸ್ಸಿಲ್ಲ.

ಹಳೆಯ ಮನೆಗಳಿಗೆ ಜಗುಲಿ ಇತ್ತು. ಒಳಗಿನವರೂ ಹಾದಿಹೋಕರೂ ಕೂರುವ ಜಾಗ ಅದು. ಹಾಸನ, ತುಮಕೂರಿನ ಕಡೆಯಿಂದ ಬಂದ ವಯಸ್ಸಾದ ತಂದೆತಾಯಿ ಈ ಕಡೆಯ ಹದಿನಾಲ್ಕನೇ ಮಹಡಿಯಲ್ಲಿ ದಿನವೆಲ್ಲ ಯಾರೊಡನೆಯೂ ಮಾತಾಡದೆ ಕೂತಿರುವುದನ್ನು ಕಂಡಿದ್ದೇನೆ. ಮಕ್ಕಳು ಒಳ್ಳೆಯವರು, ಊಟ ಔಷಧಿಗೆ ಕೊರತೆಯಿಲ್ಲ. ಬೇಕಾದ್ದು ನಾಲ್ಕು ಮಾತು. ಮಾರತ್ತಹಳ್ಳಿಯಲ್ಲಿ ತೆಲುಗು, ತಮಿಳು, ಹಿಂದಿ, ಬಂಗಾಳಿ, ಮಲಯಾಳಂ ಎಲ್ಲವೂ ಕೇಳಿಸುತ್ತವೆ, ಅದು ಈ ಊರಿನ ಐಶ್ವರ್ಯ. ನಮ್ಮ ಈಗಿನ ಪಕ್ಕದ ಮನೆಯವರು ಕಡಪದ ಕಡೆಯವರು. ಆ ತಾಯಿಗೂ ನನ್ನ ಹೆಂಡತಿಗೂ ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಗಂಟೆಗಟ್ಟಲೆ ಮಾತು ನಡೆಯುತ್ತದೆ, ಗೊಂಗೂರ ಬರುತ್ತದೆ, ಹುರಿಹಿಟ್ಟು ಹೋಗುತ್ತದೆ. ಇದಕ್ಕೆ ಬೇಕಾದದ್ದು ಬಾಗಿಲು ತೆರೆದರೆ ಮುಖ ಕಾಣುವ ಸಣ್ಣ ಮೆಟ್ಟಿಲ ಹಾಸು, ಕೆಳಗೆ ಒಂದು ಕಲ್ಲುಬೆಂಚು. ಎಂಟುನೂರು ಮನೆಯ ಗೋಪುರದಲ್ಲಿ ಲಿಫ್ಟಿನ ಬಾಗಿಲು ಮುಚ್ಚುವಷ್ಟರಲ್ಲಿ ಮುಖ ಮರೆಯಾಗುತ್ತದೆ. ಎಲ್ಲ ಕಡೆ ಹಾಗಿಲ್ಲ, ಒಳ್ಳೆಯ ಸಂಘಗಳಿದ್ದ ಕಡೆ ಯುಗಾದಿ, ರಾಜ್ಯೋತ್ಸವ ಎಂದು ಜನ ಸೇರುತ್ತಾರೆ. ಆದರೆ ವರ್ಷದ ಹಬ್ಬಕ್ಕೂ ದಿನದ ಮಾತಿಗೂ ವ್ಯತ್ಯಾಸವಿದೆ.

ಹೀಗೆ ಮಾತಾಡುತ್ತಾ ಮಾತಾಡುತ್ತಾ ಮಗನ ಪಟ್ಟಿ ಕರಗಿ ಬೇರೆಯದೇ ಆಯಿತು. ಈಜುಕೊಳ ಹೋಯಿತು, ಎರಡನೇ ಕಾರಿನ ಜಾಗ ಹೋಯಿತು, ಮೂರನೇ ಕೋಣೆ ಹೋಯಿತು. ಆಫೀಸಿಗೆ ಇಪ್ಪತ್ತು ನಿಮಿಷ ಎಂಬುದು ನಲವತ್ತಾಯಿತು. ಅದಕ್ಕೆ ಒಪ್ಪಿದ್ದು ಮಗ ಕೊಟ್ಟ ದೊಡ್ಡ ಪಾಲು. ವಾರದಲ್ಲಿ ಮೂರು ದಿನ ಅವನೇ ಆ ರಸ್ತೆಯಲ್ಲಿ ನಿಲ್ಲಬೇಕಾದವನು. ನಾವು ಮನೆ ನೋಡುವ ಸಮಯವನ್ನೂ ಬದಲಿಸಿದೆವು. ಭಾನುವಾರದ ಬಿಸಿಲಿನಲ್ಲಿ ಎಲ್ಲ ಕಟ್ಟಡಗಳೂ ಚೆನ್ನಾಗಿ ಕಾಣುತ್ತವೆ. ಜೋರು ಮಳೆಯಾದ ಮಾರನೆಯ ಬೆಳಿಗ್ಗೆ ಹೋಗಿ ನೆಲಮಾಳಿಗೆಯ ಗೋಡೆ ನೋಡಿ, ಕಾವಲುಗಾರನನ್ನು ಕೇಳಿ. 2022ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದರೆ ಅವನು ಕೈಯಿಂದ ತೋರಿಸುತ್ತಾನೆ. ಅವನಿಗೆ ಕಮಿಷನ್ ಇಲ್ಲ.

ಈಗ ನಾವು ಮನಸ್ಸು ಮಾಡಿರುವುದು ಹಳೆಯ ಊರಿನ ಮಗ್ಗುಲಲ್ಲಿ, ದಿಣ್ಣೆಯ ಮೇಲಿರುವ ಮೂರಂತಸ್ತಿನ ಒಂದು ಕಟ್ಟಡ. ಕಟ್ಟಿ ಹದಿನಾಲ್ಕು ವರ್ಷವಾಗಿದೆ, ಇಪ್ಪತ್ತರಷ್ಟು ಮನೆಗಳು. ಎರಡು ಕೋಣೆ, ಜೊತೆಗೊಂದು ಸಣ್ಣ ದೇವರ ಕೋಣೆ, ಮೊದಲ ಮಹಡಿ. ಜಮೀನು ಮೂಲದಲ್ಲಿ ಖುಷ್ಕಿ. ಕಾವೇರಿ ಸಂಪರ್ಕ ಇದೆ, ಇಂಗುಬಾವಿ ಎರಡಿವೆ, ಬೇಸಿಗೆಯಲ್ಲಿ ಮಾತ್ರ ಟ್ಯಾಂಕರ್ ತರಿಸಿದ್ದಾರೆ, ಲೆಕ್ಕವನ್ನು ತೆಗೆದು ಮುಂದಿಟ್ಟರು. ಲಿಫ್ಟ್ ಹಳೆಯದು, ಬಣ್ಣ ಮಾಸಿದೆ, ಪಾರ್ಕಿಂಗ್ ಇಕ್ಕಟ್ಟು. ಮೊಮ್ಮಗಳಿಗೆ ಅಲ್ಲಿಂದಲೂ ಶಾಲೆಗೆ ನಡೆದು ಹೋಗಬಹುದು. ಸ್ನೇಹಿತರು ಮಗನನ್ನು ಕೇಳುತ್ತಿದ್ದಾರೆ, ಇಷ್ಟು ಹಣಕ್ಕೆ ಪಣತ್ತೂರಿನಾಚೆ ಹೊಸ ಗೋಪುರದಲ್ಲಿ ಇದಕ್ಕಿಂತ ದೊಡ್ಡದು ಬರುತ್ತಿತ್ತಲ್ಲ ಎಂದು. ಬರುತ್ತಿತ್ತು. ಹಳೆಯ ಕಟ್ಟಡವಾದ್ದರಿಂದ ಮುಂದೆ ಮಾರುವಾಗ ಬೆಲೆಯೂ ಕಡಿಮೆ ಬರಬಹುದು. ಅದನ್ನು ತಿಳಿದೇ ಕೊಳ್ಳುತ್ತಿದ್ದೇವೆ.

ಕರಾರಿಗೆ ಇನ್ನೂ ಸಹಿ ಬಿದ್ದಿಲ್ಲ. ವಕೀಲರು ಮೂವತ್ತು ವರ್ಷದ ಋಣಭಾರ ಪತ್ರ ಕೇ‌ಳಿದ್ದಾರೆ, ಸಂಘದ ನೋಂದಣಿ ಪತ್ರ, ಇ-ಖಾತಾ ಕೇಳಿದ್ದಾರೆ. ಗ್ರಾಮ ನಕ್ಷೆಯಲ್ಲಿ ಆ ಸರ್ವೆ ನಂಬರಿನ ಪೂರ್ವದ ಅಂಚಿಗೆ ಒಂದು ಸಣ್ಣ ಕಾಲುವೆಯ ಗೆರೆ ಕಾಣುತ್ತದೆ. ಕಟ್ಟಡ ಅದರಿಂದ ಸಾಕಷ್ಟು ದೂರ ಇರುವಂತೆ ತೋರುತ್ತದೆ, ಆದರೆ ಕಣ್ಣಳತೆ ಸಾಲದು. ಅಳತೆಗೆ ಅರ್ಜಿ ಹಾಕಿದ್ದೇವೆ. ಭೂಮಾಪಕರು ಬಂದು ಗಡಿ ಗುರುತಿಸಿ ನಕ್ಷೆ ಕೊಡುವವರೆಗೆ ಮುಂಗಡದ ಹಣ ಬ್ಯಾಂಕಿನಲ್ಲೇ ಇರುತ್ತದೆ. ಅಳತೆಯ ದಿನ ಮೊಮ್ಮಗಳೂ ಬರುತ್ತೇನೆಂದಿದ್ದಾಳೆ, ಗಡಿಕಲ್ಲು ಹುಡುಕುವುದನ್ನು ಅವಳಿಗೆ ಕಲಿಸಬೇಕು.